ಓದುಗರ ಪ್ರಶ್ನೆ: ಆಟಿಯ ತೇವ, ಎಫ್‌ಮಾಕ್ ಬಾಟಲಿ

ಅಮೈನೋ ಆಮ್ಲಗಳನ್ನು ಒಂದಾದ ಮೇಲೊಂದು ಪೋಣಿಸಿ ಪೆಪ್ಟೈಡ್ ಕಟ್ಟುವ ಕೆಲಸದ ಬಗ್ಗೆ ಕಾಸರಗೋಡು, ಹೊಸೂರು, ಅಕ್ಕಲಕೋಟೆ, ಜತ್ತ, ಆದೋನಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಪುಟಗಳು ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಪೆಪ್ಟೈಡ್ ಕೊಟ್ಟಿದ್ದಾರೆ. ಗ್ಲೈಸಿನ್, ಲೈಸಿನ್ ಕಾಲೇಜಿನ ಕಪಾಟಿನಲ್ಲೇ ಇವೆ, ಅಗ್ಗವೂ ಹೌದು. ಅವನ್ನು ಬಿಟ್ಟು ಎಫ್‌ಮಾಕ್ ಇರುವುದನ್ನೇ ಯಾಕೆ ತರಿಸಬೇಕು? ಪಟ್ಟಿ ನೋಡಿದರೆ ಒಂದೊಂದಕ್ಕೂ ನಾಲ್ಕಾರು ಹೆಸರು.
— ವಿದ್ಯಾರ್ಥಿನಿ, ಬದಿಯಡ್ಕ

ಬರಿಯ ಗ್ಲೈಸಿನ್ನನ್ನೂ ಅಲನಿನ್ನನ್ನೂ ಒಟ್ಟಿಗೆ ಹಾಕಿ ಕೂಡಿಸಲು ಹೊರಟರೆ ಗ್ಲೈ-ಗ್ಲೈ, ಅಲ-ಅಲ, ಗ್ಲೈ-ಅಲ, ಅಲ-ಗ್ಲೈ ನಾಲ್ಕೂ ಹುಟ್ಟುತ್ತವೆ, ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಅಮೈನೋ ಆಮ್ಲಕ್ಕೆ ಎರಡು ಕೈ: ಒಂದು ಅಮೈನ್, ಇನ್ನೊಂದು ಆಮ್ಲ. ಬೇಕಾದ ಒಂದೇ ಕೂಡಿಕೆ ಆಗಬೇಕಾದರೆ ಬರುವವನ ಅಮೈನ್ ಕೈಗೆ ಮುಚ್ಚಳ ಬೇಕು. ಎಫ್‌ಮಾಕ್ ಆ ಮುಚ್ಚಳ. ಸರಪಳಿಯ ಇನ್ನೊಂದು ತುದಿಯನ್ನು ರೆಸಿನ್ ಮಣಿ ಹಿಡಿದುಕೊಂಡಿರುತ್ತದೆ. ಹಾಗಾಗಿ ಪ್ರತಿ ಹಂತದ ನಂತರ ಉಳಿದ ರಾಸಾಯನಿಕವನ್ನೆಲ್ಲ ಡಿಎಂಎಫ್ ಎಂಬ ದ್ರಾವಕ ಹಾಕಿ ತೊಳೆದುಬಿಡಬಹುದು. ಈ ಮಣಿಯ ಉಪಾಯವನ್ನು 1963ರಲ್ಲಿ ಮುಂದಿಟ್ಟ ಬ್ರೂಸ್ ಮೆರಿಫೀಲ್ಡ್ ಅವರಿಗೆ 1984ರ ರಸಾಯನಶಾಸ್ತ್ರದ ನೊಬೆಲ್ ಬಂತು. ಎಫ್‌ಮಾಕ್ ಬಂದದ್ದು 1970ರಲ್ಲಿ, ಲೂಯಿ ಕಾರ್ಪಿನೋ ಅವರಿಂದ.

ಮುಚ್ಚಳ ಎರಡು ತರಹ ಎಂದು ತಿಳಿದರೆ ಹೆಸರುಗಳ ಗೊಂದಲ ಅರ್ಧ ಕಡಿಮೆ. ಬೆನ್ನಿನ, ಅಂದರೆ ಸರಪಳಿ ಬೆಳೆಯುವ ಕಡೆಯ, ಅಮೈನ್ ಮೇಲಿನ ಎಫ್‌ಮಾಕ್ ತಾತ್ಕಾಲಿಕ, ಪ್ರತಿ ಸುತ್ತಿಗೂ ಪಿಪೆರಿಡಿನ್ ಎಂಬ ಪ್ರತ್ಯಾಮ್ಲದಿಂದ ಹೋಗುತ್ತದೆ. ಪಾರ್ಶ್ವ ಸರಪಳಿಯ, ಅಂದರೆ ಅಮೈನೋ ಆಮ್ಲದಿಂದ ಪಕ್ಕಕ್ಕೆ ಚಾಚಿದ ಭಾಗದ, ಮುಚ್ಚಳಗಳಿಗೆ ಪ್ರತ್ಯಾಮ್ಲ ತಾಗುವುದಿಲ್ಲ, ಕೊನೆಯಲ್ಲಿ ಟ್ರೈಫ್ಲೂರೋ ಅಸಿಟಿಕ್ ಆಮ್ಲ, ಅಂದರೆ ಟಿಎಫ್‌ಎ ಹಾಕಿದಾಗ ಎಲ್ಲವೂ ಒಟ್ಟಿಗೆ ಕಳಚುತ್ತವೆ. ಲೈಸಿನ್ ಮತ್ತು ಟ್ರಿಪ್ಟೊಫಾನಿಗೆ ಬಾಕ್, ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳಿಗೆ ಟರ್ಷಿಯರಿ ಬ್ಯುಟೈಲ್ ಎಸ್ಟರ್, ಸೆರಿನ್, ಥ್ರಿಯೋನಿನ್, ಟೈರೋಸಿನ್‌ಗಳಿಗೆ ಟರ್ಷಿಯರಿ ಬ್ಯುಟೈಲ್ ಈಥರ್, ಸಿಸ್ಟೀನ್, ಹಿಸ್ಟಿಡಿನ್, ಆಸ್ಪರಜಿನ್, ಗ್ಲುಟಮಿನ್‌ಗಳಿಗೆ ಟ್ರಿಟೈಲ್, ಅರ್ಜಿನಿನ್‌ಗೆ ಪಿಬಿಎಫ್. ಗ್ಲೈಸಿನ್, ಅಲನಿನ್, ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್, ಫಿನೈಲ್ ಅಲನಿನ್, ಪ್ರೋಲಿನ್, ಮಿಥಿಯೋನಿನ್‌ಗಳಿಗೆ ಎಫ್‌ಮಾಕ್ ಒಂದೇ ಸಾಕು.

ತರಿಸುವಾಗ ಒಂದು ಹೊಂಡವಿದೆ. ಬೆನ್ನಿಗೆ ಎಫ್‌ಮಾಕ್, ಪಾರ್ಶ್ವಕ್ಕೆ ಬಾಕ್ ಇರುವ ಲೈಸಿನ್ ನಿಮಗೆ ಬೇಕು. ಬೆನ್ನಿಗೆ ಬಾಕ್, ಪಾರ್ಶ್ವಕ್ಕೆ ಎಫ್‌ಮಾಕ್ ಇರುವುದೂ ಮಾರಾಟಕ್ಕಿದೆ. ಎರಡರ ಅಣುತೂಕವೂ 468.5. ತಪ್ಪಿ ಎರಡನೆಯದು ಬಂದರೆ ಸರಪಳಿ ಲೈಸಿನ್ನಿನ ಪಾರ್ಶ್ವದಿಂದ ಬೆಳೆಯುತ್ತದೆ, ಕೊನೆಗೆ ಸಿಗುವ ಪೆಪ್ಟೈಡಿನ ತೂಕವೂ ಸರಿಯಾಗಿಯೇ ಇರುತ್ತದೆ. ಅಣುತೂಕ ಅಳೆಯುವ ಮಾಸ್ ಸ್ಪೆಕ್ಟ್ರಮ್ ಈ ಮೋಸ ಹಿಡಿಯುವುದಿಲ್ಲ. ಆಸ್ಪಾರ್ಟಿಕ್ ಆಮ್ಲದಲ್ಲೂ ಇದೇ ಕತೆ: ಬ್ಯುಟೈಲ್ ಎಸ್ಟರ್ ಪಾರ್ಶ್ವದಲ್ಲಿರಬೇಕು, ಬೆನ್ನಿನ ಆಮ್ಲದ ಮೇಲಲ್ಲ. ಎರಡೂ 411.5. ಹೆಸರು ನೋಡಿ ತರಿಸಬೇಡಿ, ಪ್ರತಿ ರಾಸಾಯನಿಕಕ್ಕೂ ಬೇರೆ ಬೇರೆಯಾಗಿರುವ ಸಿಎಎಸ್ ಸಂಖ್ಯೆ ನೋಡಿ. ನಿಮಗೆ ಬೇಕಾದ ಲೈಸಿನ್ನಿನದು 71989-26-9.

ಪ್ರಶ್ನೆ: ಜೂನ್‌ನಲ್ಲಿ ತೆರೆದ ಎಫ್‌ಮಾಕ್ ಬಾಟಲಿಗಳಲ್ಲಿ ಆಗಸ್ಟಿಗೆ ಪುಡಿ ಗಂಟು ಕಟ್ಟಿದೆ. ಆಮೇಲೆ ಮಾಡಿದ ಎರಡು ಪೆಪ್ಟೈಡೂ ಕೆಟ್ಟವು. ಎಲ್ಲ ಬಾಟಲಿ ಎಸೆದು ಹೊಸತು ತರಿಸಬೇಕೇ?
— ಸಂಶೋಧಕ, ಮಂಜೇಶ್ವರ

ಎಸೆಯಬೇಡಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಯಲ್ಲಿ) ಹಲಸಿನ ಹಪ್ಪಳದ ಡಬ್ಬಿ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುತ್ತದೆ, ಹಾಳಾಗಿರುವುದಿಲ್ಲ. ಎಫ್‌ಮಾಕ್ ಅಮೈನೋ ಆಮ್ಲದ ಪುಡಿಯೂ ಬಹುಮಟ್ಟಿಗೆ ಹಾಗೆಯೇ. ತೇವ ಕುಡಿದರೆ ತೂಕ ತಪ್ಪುತ್ತದೆ, ಕರಗುವುದು ನಿಧಾನವಾಗುತ್ತದೆ, ಮುಚ್ಚಳ ಮಾತ್ರ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಅನುಮಾನವಿದ್ದರೆ ಟಿಎಲ್‌ಸಿ ಹಾಕಿ, ಅಂದರೆ ತೆಳುಪದರದ ತಗಡಿನ ಮೇಲೆ ಬೇರ್ಪಡಿಸಿ ನೋಡಿ. 254 ನ್ಯಾನೊಮೀಟರ್ ದೀಪದಡಿ ಒಂದೇ ಚುಕ್ಕೆ ಕಾಣಬೇಕು. ಅದೇ ತಗಡನ್ನು ನಿನ್‌ಹೈಡ್ರಿನ್‌ನಲ್ಲಿ ಅದ್ದಿ ಕಾಯಿಸಿದಾಗ ಬುಡದಲ್ಲಿ ನೇರಳೆ ಚುಕ್ಕೆ ಬಂದರೆ ಮುಚ್ಚಳ ಕಳಚಿದ ಬರಿಯ ಅಮೈನೋ ಆಮ್ಲ ಸೇರಿದೆ ಎಂದರ್ಥ. ಅದನ್ನು ಬಳಸಬೇಡಿ. ಚುಕ್ಕೆ ಇಲ್ಲದಿದ್ದರೆ ಪುಡಿಯನ್ನು ತೆಳುವಾಗಿ ಹರವಿ ನಿರ್ವಾತ ಡೆಸಿಕೇಟರಿನಲ್ಲಿ ರಾತ್ರಿಯಿಡೀ ಒಣಗಿಸಿದರೆ ಸಾಕು. ಒಲೆಯಲ್ಲಿ ಕಾಯಿಸಬೇಡಿ.

ತೇವ ಒಳಗೆ ಹೋಗುವುದು ಬಾಟಲಿ ಫ್ರಿಜ್ಜಿನಲ್ಲಿರುವಾಗಲ್ಲ, ಹೊರಗೆ ತೆಗೆದ ಮೊದಲ ಐದು ನಿಮಿಷದಲ್ಲಿ. 4 ಡಿಗ್ರಿಯ ಬಾಟಲಿಯನ್ನು ಮಂಜೇಶ್ವರದ ಜುಲೈ ಗಾಳಿಯಲ್ಲಿ ತೆರೆದರೆ ಪುಡಿಯ ಮೇಲೆಯೇ ಇಬ್ಬನಿ ಕೂರುತ್ತದೆ. 25 ಗ್ರಾಮಿನ ಬಾಟಲಿಯಾದರೆ ಕನಿಷ್ಠ ಒಂದು ತಾಸು, 100 ಗ್ರಾಮಿನದಾದರೆ ಎರಡು ತಾಸು, ಮುಚ್ಚಿದಂತೆಯೇ ಡೆಸಿಕೇಟರಿನಲ್ಲಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಇದಕ್ಕಿಂತ ಒಳ್ಳೆಯದು, ಮಾರ್ಚಿನ ಒಣ ದಿನದಲ್ಲಿ 5 ಗ್ರಾಮಿನ ಸಣ್ಣ ಸೀಸೆಗಳಿಗೆ ಹಂಚಿ, ಬಾಯಿಗೆ ಪ್ಯಾರಾಫಿಲ್ಮ್ ಸುತ್ತಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು 2ರಿಂದ 8 ಡಿಗ್ರಿಯಲ್ಲಿಡುವುದು. ಮಳೆಗಾಲದಲ್ಲಿ ಒಂದು ಸೀಸೆ ಹೋದರೂ ಉಳಿದವು ಉಳಿಯುತ್ತವೆ. ಕರೆಂಟು ಹೋಗಿ ಬರುವ ದಿನಗಳಲ್ಲಿ ಫ್ರಿಜ್ಜಿನ ಒಳಗೇ ನೀರಿಳಿಯುತ್ತದೆ, ಡಬ್ಬಿ ಅದಕ್ಕೂ ಬೇಕು.

ಇನ್ನು ಎರಡು ಪೆಪ್ಟೈಡ್ ಕೆಟ್ಟದ್ದಕ್ಕೆ ನಮ್ಮ ಅನುಮಾನ ಬೇರೆಯವರ ಮೇಲೆ. ಮೊದಲನೆಯದು ಡಿಎಂಎಫ್. ಹಳತಾದಂತೆ ಅದು ಒಡೆದು ಡೈಮಿಥೈಲ್ ಅಮೈನ್ ಬಿಡುತ್ತದೆ, ಮೂಸಿದರೆ ಮೀನಿನ ವಾಸನೆ (ಮೂಸುವ ಅಭ್ಯಾಸ ಬೇಡ, ಬಾಟಲಿ ತೆರೆದಾಗ ತಾನಾಗಿ ತಿಳಿಯುತ್ತದೆ). ಈ ಅಮೈನ್ ಎಫ್‌ಮಾಕನ್ನು ಹೊತ್ತಲ್ಲದ ಹೊತ್ತಿನಲ್ಲಿ ಕಳಚುತ್ತದೆ, ಒಂದೇ ಅಮೈನೋ ಆಮ್ಲ ಎರಡು ಸಲ ಕೂಡಿಕೊಳ್ಳುತ್ತದೆ. ಪರೀಕ್ಷೆ ಸುಲಭ: 95% ಇಥನಾಲಿನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಮಿನಂತೆ ಡೈನೈಟ್ರೊಫ್ಲೂರೊಬೆಂಜೀನ್ ಕರಗಿಸಿ, ಅದಕ್ಕೆ ಸಮಪ್ರಮಾಣ ಡಿಎಂಎಫ್ ಸೇರಿಸಿ 30 ನಿಮಿಷ ಬಿಡಿ. ಹೊಸ ಬಾಟಲಿಯ ಡಿಎಂಎಫ್ ಪಕ್ಕದಲ್ಲಿಟ್ಟು ನೋಡಿ. ಹಳದಿ ಏರಿದರೆ ಅಮೈನ್ ಇದೆ. ಯುವಿ ಯಂತ್ರವಿದ್ದರೆ 381 ನ್ಯಾನೊಮೀಟರಿನಲ್ಲಿ ಅಳೆಯಬಹುದು. ಡೈನೈಟ್ರೊಫ್ಲೂರೊಬೆಂಜೀನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ಕೈಗವಸು ಬೇಕೇ ಬೇಕು.

ಎರಡನೆಯ ಅನುಮಾನ, ನೀವು ಕ್ಲೋರೊಟ್ರಿಟೈಲ್ ಕ್ಲೋರೈಡ್ ರೆಸಿನ್ ಬಳಸುತ್ತಿದ್ದರೆ, ಅದರದೇ. ಮಳೆಗಾಲಕ್ಕೆ ಮೊದಲು ಬಲಿಯಾಗುವುದು ಅದು. ಗಾಳಿಯ ನೀರು ತಾಗಿದರೆ ಕ್ಲೋರೈಡ್ ಹೋಗಿ ಆಲ್ಕೊಹಾಲ್ ಆಗುತ್ತದೆ, ಮೊದಲ ಅಮೈನೋ ಆಮ್ಲ ಹತ್ತುವುದೇ ಇಲ್ಲ. ನಾವಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ರಿಂಕ್ ಅಮೈಡ್ ರೆಸಿನ್ ಹಿಡಿಯುತ್ತೇವೆ, ಪೆಪ್ಟೈಡಿನ ತುದಿ ಅಮೈಡ್ ಆದರೆ ನಡೆಯುತ್ತದೆ ಎಂದಾದರೆ.

ಪ್ರಶ್ನೆ: ಕೈಯಿಂದಲೇ ಒಂದು ಸಣ್ಣ ಪೆಪ್ಟೈಡ್ ಮಾಡಿ ಕಲಿಯಬೇಕು. ಎಲ್ಲ ಕಡೆ "4 ಈಕ್ವಿವಲೆಂಟ್", "8 ಈಕ್ವಿವಲೆಂಟ್" ಎಂದೇ ಇದೆ. ಗ್ರಾಮಿನ ಲೆಕ್ಕದಲ್ಲಿ ಹೇಳಿ.
— ಔಷಧ ವಿಜ್ಞಾನದ ವಿದ್ಯಾರ್ಥಿ, ಹೊಸೂರು

ಐದು ಕೊಂಡಿಯ ಟೈರ್-ಗ್ಲೈ-ಗ್ಲೈ-ಫಿ-ಲ್ಯೂ, ತುದಿಯಲ್ಲಿ ಅಮೈಡ್, ಇದನ್ನು ತೆಗೆದುಕೊಳ್ಳಿ. ಮಿದುಳಿನಲ್ಲಿರುವ ಲ್ಯೂ-ಎಂಕೆಫಲಿನ್‌ನ ಅಮೈಡ್ ರೂಪ, ಅಣುತೂಕ 554.6. ಕಟ್ಟುವುದು ಬಲದಿಂದ ಎಡಕ್ಕೆ: ಮೊದಲು ಲ್ಯೂಸಿನ್, ಕೊನೆಗೆ ಟೈರೋಸಿನ್.

0.1 ಮಿಲಿಮೋಲ್ ಅಳತೆಗೆ, ಗ್ರಾಮಿಗೆ 0.5 ಮಿಲಿಮೋಲ್ ಹಿಡಿಯುವ ರಿಂಕ್ ಅಮೈಡ್ ರೆಸಿನ್ 200 ಮಿಲಿಗ್ರಾಂ. ತಳದಲ್ಲಿ ಸೋಸುಬಿಲ್ಲೆ ಇರುವ 10 ಮಿಲಿಲೀಟರ್ ಪ್ಲಾಸ್ಟಿಕ್ ಸಿರಿಂಜ್ ಪಾತ್ರೆಯಾಗಿ ಸಾಕು. ರೆಸಿನ್ನನ್ನು ಡಿಎಂಎಫ್‌ನಲ್ಲಿ ಅರ್ಧ ತಾಸು ನೆನೆಸಿ. ಅಕ್ಕಿ ನೆನೆದಂತೆ ಉಬ್ಬಬೇಕು, ಉಬ್ಬದ ಮಣಿಯೊಳಗೆ ಯಾವುದೂ ಹೋಗುವುದಿಲ್ಲ. ರಿಂಕ್ ರೆಸಿನ್ ಮೇಲೂ ಸಾಮಾನ್ಯವಾಗಿ ಎಫ್‌ಮಾಕ್ ಇರುತ್ತದೆ, ಆದ್ದರಿಂದ ಮೊದಲ ಕೆಲಸ ಅದನ್ನು ತೆಗೆಯುವುದು: ಡಿಎಂಎಫ್‌ನಲ್ಲಿ 20% ಪಿಪೆರಿಡಿನ್ 3 ಮಿಲಿಲೀಟರ್, 5 ನಿಮಿಷ, ಬಸಿದು, ಹೊಸದಾಗಿ 3 ಮಿಲಿಲೀಟರ್, 10 ನಿಮಿಷ. ಆಮೇಲೆ ಡಿಎಂಎಫ್‌ನಲ್ಲಿ ಆರು ಸಲ ತೊಳೆತ. ಇಲ್ಲಿ ಅವಸರ ಮಾಡಿ ಪಿಪೆರಿಡಿನ್ ಉಳಿಸಿದರೆ ಮುಂದೆ ಬರುವ ಅಮೈನೋ ಆಮ್ಲದ ಎಫ್‌ಮಾಕ್ ಹೋಗುತ್ತದೆ.

ಪ್ರತಿ ಕಪ್ಲಿಂಗಿಗೆ, ಅಂದರೆ ಒಂದೊಂದು ಕೊಂಡಿ ಜೋಡಿಸುವುದಕ್ಕೆ, 4 ಈಕ್ವಿವಲೆಂಟ್ ಎಂದರೆ ಆ 0.1ರ ನಾಲ್ಕು ಪಟ್ಟು, 0.4 ಮಿಲಿಮೋಲ್: ಎಫ್‌ಮಾಕ್ ಲ್ಯೂಸಿನ್ 141 ಮಿಲಿಗ್ರಾಂ, ಫಿನೈಲ್ ಅಲನಿನ್ 155, ಗ್ಲೈಸಿನ್ 119, ಬ್ಯುಟೈಲ್ ಮುಚ್ಚಳದ ಟೈರೋಸಿನ್ 184. ಜೊತೆಗೆ ಆಮ್ಲದ ಕೈಯನ್ನು ಕ್ರಿಯಾಶೀಲಗೊಳಿಸುವ ಎಚ್‌ಬಿಟಿಯು 148 ಮಿಲಿಗ್ರಾಂ, ಅಂದರೆ 3.9 ಈಕ್ವಿವಲೆಂಟ್. ಅಮೈನೋ ಆಮ್ಲಕ್ಕಿಂತ ತುಸು ಕಡಿಮೆ ಬೇಕೆಂದೇ ಈ 3.9. ಹೆಚ್ಚಾದರೆ ಅದು ನೇರವಾಗಿ ಸರಪಳಿಯ ಅಮೈನಿಗೇ ಅಂಟಿ ದಾರಿ ಮುಚ್ಚುತ್ತದೆ. ಎರಡನ್ನೂ 1.5 ಮಿಲಿಲೀಟರ್ ಡಿಎಂಎಫ್‌ನಲ್ಲಿ ಕರಗಿಸಿ, 139 ಮೈಕ್ರೋಲೀಟರ್ ಡಿಐಪಿಇಎ ಎಂಬ ಪ್ರತ್ಯಾಮ್ಲ (ಇದೇ 8 ಈಕ್ವಿವಲೆಂಟ್) ಸೇರಿಸಿ, ಒಂದೆರಡು ನಿಮಿಷದೊಳಗೆ ರೆಸಿನ್ ಮೇಲೆ ಸುರಿಯಿರಿ. 45 ನಿಮಿಷ ಅಲ್ಲಾಡಿಸಿ, ನಾಲ್ಕು ಸಲ ತೊಳೆದು, ನಾಲ್ಕೈದು ಮಣಿ ತೆಗೆದು ಕೈಸರ್ ಪರೀಕ್ಷೆ ಮಾಡಿ (ಕೂಡದೆ ಉಳಿದ ಅಮೈನ್ ಇದ್ದರೆ ಮಣಿ ನೀಲಿಯಾಗುತ್ತದೆ). ಸರಿಯಾಗಿದ್ದರೆ ಮತ್ತೆ ಪಿಪೆರಿಡಿನ್. ಹೀಗೆ ಐದು ಸುತ್ತು.

ಸಿಸ್ಟೀನ್ ಅಥವಾ ಹಿಸ್ಟಿಡಿನ್ ಇರುವ ಪೆಪ್ಟೈಡಿಗೆ ಈ ಡಿಐಪಿಇಎ ದಾರಿ ಬೇಡ. ಪ್ರತ್ಯಾಮ್ಲದ ನಡುವೆ ಕ್ರಿಯಾಶೀಲಗೊಂಡ ಈ ಎರಡೂ ಎಲ್ ರೂಪದಿಂದ ಅದರ ಕನ್ನಡಿ ಬಿಂಬವಾದ ಡಿ ರೂಪಕ್ಕೆ ತಿರುಗಿಕೊಳ್ಳುತ್ತವೆ. ಅವಕ್ಕೆ ಎಚ್‌ಬಿಟಿಯು, ಡಿಐಪಿಇಎಗಳ ಬದಲು ಆಕ್ಸಿಮಾ 57 ಮಿಲಿಗ್ರಾಂ, ಡಿಐಸಿ 62 ಮೈಕ್ರೋಲೀಟರ್, ಒಂದು ತಾಸು. ಇವೆರಡನ್ನೂ ಬೆರೆಸಿ ಇಟ್ಟುಕೊಳ್ಳಬೇಡಿ. ನಿಧಾನವಾಗಿ ಹೈಡ್ರೊಜನ್ ಸಯನೈಡ್ ಹೊಮ್ಮುತ್ತದೆಂದು 2019ರಲ್ಲಿ ಬೆಳಕಿಗೆ ಬಂತು. ಗಾಳಿಯನ್ನು ಹೊರಗೆಳೆಯುವ ಹುಡ್ ಒಳಗೆ, ಆಗಲೇ ಬೆರೆಸಿ, ಆಗಲೇ ಬಳಸಿ. ಡಿಎಂಎಫ್ ಕೂಡ ಗರ್ಭಕ್ಕೆ ಹಾನಿಕರ, ಬಸುರಿಯರು ಈ ಕೆಲಸದಿಂದ ದೂರವಿರಬೇಕು.

ಕೊನೆಯ ಎಫ್‌ಮಾಕ್ ತೆಗೆದು, ಡಿಎಂಎಫ್ ನಂತರ ಡೈಕ್ಲೋರೊಮೀಥೇನ್‌ನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಡಿಎಂಎಫ್ ಉಳಿದರೆ ಟಿಎಫ್‌ಎಯ ಶಕ್ತಿ ಕುಗ್ಗುತ್ತದೆ. ಟಿಎಫ್‌ಎ 4.75 ಮಿಲಿಲೀಟರ್, ನೀರು 125 ಮೈಕ್ರೋಲೀಟರ್, ಟ್ರೈಐಸೊಪ್ರೊಪೈಲ್ ಸಿಲೇನ್ 125 ಮೈಕ್ರೋಲೀಟರ್, ಎರಡು ತಾಸು. ಸಿಲೇನ್ ಇರುವುದು ಕಳಚಿದ ಬ್ಯುಟೈಲ್ ತುಂಡುಗಳನ್ನು ಹಿಡಿಯಲು, ಇಲ್ಲವಾದರೆ ಅವು ಮತ್ತೆ ಪೆಪ್ಟೈಡಿಗೇ ಅಂಟುತ್ತವೆ. ಸಿಸ್ಟೀನ್ ಇದ್ದರೆ ಟಿಎಫ್‌ಎ 94, ಈಥೇನ್ ಡೈಥಯೋಲ್ 2.5, ನೀರು 2.5, ಸಿಲೇನ್ 1 ಎಂಬ ಪಾಲು. ಅರ್ಜಿನಿನ್ ಮೂರ್ನಾಲ್ಕು ಇದ್ದರೆ ಮೂರು ನಾಲ್ಕು ತಾಸು ಬಿಡಿ, ಪಿಬಿಎಫ್ ತಡವಾಗಿ ಹೋಗುವ ಮುಚ್ಚಳ.

ದ್ರಾವಣವನ್ನು ಹತ್ತು ಪಟ್ಟು ತಣ್ಣನೆಯ ಈಥರಿಗೆ ಸುರಿದರೆ ಬಿಳಿ ಪುಡಿ ಬೀಳುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನಿಮ್ಮ ಐದು ಕೊಂಡಿಯ ಪೆಪ್ಟೈಡ್ ಬೀಳದೆಯೂ ಇರಬಹುದು. ಸಣ್ಣದೂ ಜಿಡ್ಡುಸ್ವಭಾವದ್ದೂ ಆದ ಪೆಪ್ಟೈಡ್ ಈಥರಿನಲ್ಲೇ ಕರಗಿ ಉಳಿಯುತ್ತದೆ. ಹೆದರಿ ಈಥರ್ ಚೆಲ್ಲಬೇಡಿ. ಮೊದಲೇ ಟಿಎಫ್‌ಎಯನ್ನು ನೈಟ್ರೊಜನ್ ಊದಿ ಅರ್ಧ ಮಿಲಿಲೀಟರಿಗೆ ಇಳಿಸಿ, ಆಮೇಲೆ ಈಥರ್ ಹಾಕಿ. ಆಗಲೂ ಬೀಳದಿದ್ದರೆ ಎಲ್ಲವನ್ನೂ ಒಣಗಿಸಿ, ನೀರು-ಅಸಿಟೊನೈಟ್ರೈಲಿನಲ್ಲಿ ಕರಗಿಸಿ ಫ್ರೀಜ್ ಡ್ರೈ ಮಾಡಿ. ಪೂರ್ತಿ ಸಿಕ್ಕರೆ ಟಿಎಫ್‌ಎ ಲವಣವಾಗಿ 67 ಮಿಲಿಗ್ರಾಂ.

ಪ್ರಶ್ನೆ: ನಮ್ಮಲ್ಲಿ ತೇವದ ತೊಂದರೆ ಇಲ್ಲ, ಒಣ ಹವೆಯದು. ತೂಗುವಾಗ ಪುಡಿ ಸ್ಪ್ಯಾಟುಲಾದಿಂದ ಹಾರಿ ತಕ್ಕಡಿಯ ಗೋಡೆಗೆ ಅಂಟುತ್ತದೆ. ಬೇಸಿಗೆಯಲ್ಲಿ ಈಥರ್ ಬಾಟಲಿ ತೆರೆಯಲು ಭಯ.
— ಪ್ರಯೋಗಾಲಯ ಸಹಾಯಕ, ಅಕ್ಕಲಕೋಟೆ

ಹಾರುವುದು ಸ್ಥಿರ ವಿದ್ಯುತ್ತಿನಿಂದ. ಪ್ಲಾಸ್ಟಿಕ್ ದೋಣಿ ಬಿಟ್ಟು ಗಾಜಿನ ಸೀಸೆಯಲ್ಲೇ ನೇರವಾಗಿ ತೂಗಿ, ಲೋಹದ ಸ್ಪ್ಯಾಟುಲಾ ಹಿಡಿಯಿರಿ, ಉಜ್ಜಿದ ನೈಟ್ರೈಲ್ ಕೈಗವಸಿನಿಂದ ಸೀಸೆ ಒರೆಸಬೇಡಿ. ಈಥರಿನ ಭಯ ಸರಿಯಾದದ್ದೇ: ಅದು ಕುದಿಯುವುದು 34.6 ಡಿಗ್ರಿಯಲ್ಲಿ, ನಿಮ್ಮ ಏಪ್ರಿಲ್ ಮಧ್ಯಾಹ್ನ ಅದನ್ನು ದಾಟಿರುತ್ತದೆ. ಬೇಸಿಗೆಯಲ್ಲಿ ಮಿಥೈಲ್ ಟರ್ಷಿಯರಿ ಬ್ಯುಟೈಲ್ ಈಥರ್ ಬಳಸಿ, ಕುದಿಬಿಂದು 55. ಅದೂ ಹೊತ್ತಿಕೊಳ್ಳುವಂಥದ್ದೇ, ಆದರೆ ಬಾಟಲಿ ತೆರೆದೊಡನೆ ಬುಸ್ಸೆನ್ನುವುದಿಲ್ಲ, ಹಳತಾದರೆ ಪೆರಾಕ್ಸೈಡ್ ಕಟ್ಟುವ ಚಟವೂ ಕಡಿಮೆ. ಸೆಂಟ್ರಿಫ್ಯೂಜ್ ಕೊಳವೆಯನ್ನು ಅಂಚಿನವರೆಗೆ ತುಂಬಬೇಡಿ. ಮನೆಬಳಕೆಯ ಫ್ರಿಜ್ಜಿನಲ್ಲಿ ಈಥರ್ ತಣಿಸುವುದಂತೂ ಬೇಡವೇ ಬೇಡ, ಒಳಗಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಐಸ್ ಬಕೆಟ್ಟಿನಲ್ಲಿ ಹುಡ್ ಒಳಗೆ ತಣಿಸಿ.

ಪ್ರಶ್ನೆ: ಕೈಸರ್ ಪರೀಕ್ಷೆಯಲ್ಲಿ ಮಣಿ ನೀಲಿಯಾಗಲಿಲ್ಲ, ಕಪ್ಲಿಂಗ್ ಮುಗಿಯಿತೆಂದು ಮುಂದೆ ಹೋದೆ. ಕೊನೆಗೆ ಪ್ರೋಲಿನ್‌ನಿಂದಾಚೆಗೆ ಸರಪಳಿಯೇ ಇಲ್ಲ.
— ಆದೋನಿ

ಕೈಸರ್ ಪರೀಕ್ಷೆ ಪ್ರಾಥಮಿಕ ಅಮೈನನ್ನು ಹಿಡಿಯುತ್ತದೆ. ಪ್ರೋಲಿನ್ನಿನದು ದ್ವಿತೀಯಕ ಅಮೈನ್, ಖಾಲಿ ಇದ್ದರೂ ನೀಲಿ ಬರುವುದಿಲ್ಲ. ಪ್ರೋಲಿನ್ ತುದಿಯಲ್ಲಿದ್ದಾಗ ಕ್ಲೋರಾನಿಲ್ ಪರೀಕ್ಷೆ ಮಾಡಿ: ಡಿಎಂಎಫ್‌ನಲ್ಲಿ 2% ಅಸಿಟಾಲ್ಡಿಹೈಡ್ ಮತ್ತು ಡಿಎಂಎಫ್‌ನಲ್ಲಿ 2% ಕ್ಲೋರಾನಿಲ್, ಒಂದೊಂದು ಹನಿ, ಕೋಣೆಯ ಬಿಸಿಯಲ್ಲೇ 5 ನಿಮಿಷ. ಮಣಿ ನೀಲಿ-ಹಸಿರಾದರೆ ಅಮೈನ್ ಇನ್ನೂ ಬಿಡಿ.

ಕೈಸರ್‌ನಲ್ಲಿ ತದ್ವಿರುದ್ಧ ಮೋಸವೂ ಇದೆ. 100–110 ಡಿಗ್ರಿಯಲ್ಲಿ 5 ನಿಮಿಷ ಎಂದಿರುವುದನ್ನು ಮರೆತು ಹತ್ತು ಹದಿನೈದು ನಿಮಿಷ ಕಾಯಿಸಿದರೆ ಪರೀಕ್ಷೆಯ ದ್ರಾವಣದಲ್ಲಿರುವ ಪಿರಿಡಿನ್ ಎಫ್‌ಮಾಕನ್ನೇ ಕಳಚಿ ಸುಳ್ಳು ನೀಲಿ ತೋರಿಸುತ್ತದೆ. ಪಕ್ಕದಲ್ಲಿ ಮಣಿಯಿಲ್ಲದ ಒಂದು ಕೊಳವೆ ಇಟ್ಟು ಕಾಯಿಸುವ ರೂಢಿ ಮಾಡಿಕೊಳ್ಳಿ.

ನಿಜವಾಗಿಯೂ ನೀಲಿ ಬಂದರೆ ಅದೇ ಕಪ್ಲಿಂಗನ್ನು ಹೊಸ ಪುಡಿಯಿಂದ ಇನ್ನೊಮ್ಮೆ ಮಾಡಿ. ಮತ್ತೂ ಬಂದರೆ ಅಸಿಟಿಕ್ ಅನ್‌ಹೈಡ್ರೈಡ್ 10, ಡಿಐಪಿಇಎ 5, ಡಿಎಂಎಫ್ 85 ಪಾಲಿನ ಮಿಶ್ರಣದಲ್ಲಿ 10 ನಿಮಿಷ ಇಟ್ಟು ಬಾಕಿ ಅಮೈನುಗಳ ಬಾಯಿ ಶಾಶ್ವತವಾಗಿ ಮುಚ್ಚಿ. ಒಂದು ಕೊಂಡಿ ಮಾತ್ರ ತಪ್ಪಿದ ಸರಪಳಿಯನ್ನು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣವನ್ನು ಬಿಡಿಸುವ ಯಂತ್ರ) ಬೇರ್ಪಡಿಸುವುದಕ್ಕಿಂತ ಅರ್ಧಕ್ಕೇ ನಿಂತ ಸರಪಳಿಯನ್ನು ಬೇರ್ಪಡಿಸುವುದು ಸುಲಭ. ಅಸಿಟಿಕ್ ಅನ್‌ಹೈಡ್ರೈಡ್ ನಮ್ಮ ದೇಶದಲ್ಲಿ ನಿಯಂತ್ರಿತ ವಸ್ತು, ಖರೀದಿಯ ಕಾಗದಪತ್ರ ಮೊದಲೇ ಸಿದ್ಧಮಾಡಿ.

ಪ್ರಶ್ನೆ: ಮಾಸ್ ಸ್ಪೆಕ್ಟ್ರಮ್‌ನಲ್ಲಿ ಬೇಕಾದ ತೂಕದ ಪಕ್ಕ ಬೇರೆ ಬೇರೆ ಶಿಖರ. 18 ಕಡಿಮೆ, 67 ಹೆಚ್ಚು, 56 ಹೆಚ್ಚು, 98 ಹೆಚ್ಚು. ಯಾವುದು ಏನು?
— ಸಂಶೋಧನಾ ವಿದ್ಯಾರ್ಥಿನಿ, ಕಾಸರಗೋಡು

ನಿಮ್ಮ ಪೆಪ್ಟೈಡಿನಲ್ಲಿ ಆಸ್ಪಾರ್ಟಿಕ್ ಆಮ್ಲದ ಬಲಕ್ಕೆ ಗ್ಲೈಸಿನ್ ಇರಬೇಕು. ಇದ್ದರೆ 18 ಕಡಿಮೆ ಮತ್ತು 67 ಹೆಚ್ಚು ಎರಡೂ ಒಂದೇ ಮನೆಯವು. ಪಿಪೆರಿಡಿನ್ನಿನ ಕೈಯಲ್ಲಿ ಆಸ್ಪಾರ್ಟಿಕ್‌ನ ಪಾರ್ಶ್ವ ಎಸ್ಟರ್ ಬೆನ್ನಿನ ಸಾರಜನಕದ ಮೇಲೆ ಬಾಗಿ ಉಂಗುರ ಕಟ್ಟುತ್ತದೆ. ಇದು ಆಸ್ಪಾರ್ಟಿಮೈಡ್, ಬೇಕಾದ ತೂಕಕ್ಕಿಂತ 18 ಕಡಿಮೆ. ಆ ಉಂಗುರವನ್ನು ಪಿಪೆರಿಡಿನ್ನೇ ಒಡೆದರೆ ಅದರ 85 ಸೇರಿ ಒಟ್ಟು 67 ಹೆಚ್ಚಾಗುತ್ತದೆ. ನೀರು ಒಡೆದರೆ ಇನ್ನೂ ಕೆಟ್ಟದು: ತೂಕ ಸರಿಯಾಗಿ, ಜೋಡಣೆ ತಪ್ಪಾಗಿ ಉಳಿಯುತ್ತದೆ. ಆಸ್ಪಾರ್ಟಿಕ್ ಸೇರಿದ ಮೇಲಿನ ಪ್ರತಿ ಪಿಪೆರಿಡಿನ್ ಸುತ್ತೂ ಈ ತಪ್ಪಿಗೆ ಹೊಸ ಅವಕಾಶ. ಹಾಗಾಗಿ ಆ ಜೋಡಿ ಸರಪಳಿಯ ಬಲತುದಿಗೆ ಹತ್ತಿರವಿದ್ದಷ್ಟೂ ಹಾನಿ ಹೆಚ್ಚು. ಪಿಪೆರಿಡಿನ್ ದ್ರಾವಣಕ್ಕೆ 0.1 ಮೋಲಾರ್ ಆಗುವಂತೆ ಆಕ್ಸಿಮಾ ಸೇರಿಸಿದರೆ ತಗ್ಗುತ್ತದೆ, ನಿಲ್ಲುವುದಿಲ್ಲ. ಪೂರ್ತಿ ನಿಲ್ಲಿಸಬೇಕಾದರೆ ಗ್ಲೈಸಿನ್ನಿನ ಸಾರಜನಕಕ್ಕೂ ಡೈಮಿಥಾಕ್ಸಿಬೆಂಜೈಲ್ ಮುಚ್ಚಳ ಹಾಕಿರುವ ಆಸ್ಪಾರ್ಟಿಕ್-ಗ್ಲೈಸಿನ್ ಜೋಡಿಕೊಂಡಿಯನ್ನೇ ತರಿಸಿ ಒಂದೇ ಏಟಿಗೆ ಹಾಕಿ. ದುಬಾರಿ, ಆದರೆ ಮೂರು ಸಲ ಮಾಡಿ ಮೂರು ಸಲವೂ ಕೆಡಿಸುವುದಕ್ಕಿಂತ ಅಗ್ಗ.

56 ಹೆಚ್ಚು ಬ್ಯುಟೈಲಿನದು. ಮುಚ್ಚಳ ಉಳಿದಿದೆ, ಇಲ್ಲವೇ ಕಳಚಿದ್ದು ಮರಳಿ ಅಂಟಿದೆ. ಟಿಎಫ್‌ಎಯಲ್ಲಿ ಇನ್ನೊಂದು ತಾಸು ಇಟ್ಟು ನೋಡಿ. ಹೋದರೆ ಉಳಿದ ಮುಚ್ಚಳ, ಹೋಗದಿದ್ದರೆ ಅಂಟಿದ್ದು. 98 ಹೆಚ್ಚು ನಾವು ಹೊಸೂರಿನವರಿಗೆ ಹೇಳಿದ ಎಚ್‌ಬಿಟಿಯು ದೋಷ. ಅಳತೆ ಹೆಚ್ಚಾಗಿದೆ ಅಥವಾ ಅಮೈನೋ ಆಮ್ಲ ತೇವದಿಂದಾಗಿ ತೂಕಕ್ಕಿಂತ ಕಡಿಮೆ ಬಿದ್ದಿದೆ. ಕಾಸರಗೋಡಿನಲ್ಲಿ ಎರಡನೆಯದನ್ನು ಮೊದಲು ನೋಡಿ.

ಮುಂದೆ ಕಾಣಬಹುದಾದ ಇನ್ನು ಕೆಲವು: 252 ಹೆಚ್ಚಾದರೆ ಪಿಬಿಎಫ್ ಉಳಿದದ್ದು, 242 ಟ್ರಿಟೈಲ್, 222 ಕೊನೆಯ ಎಫ್‌ಮಾಕ್ ತೆಗೆಯಲು ಮರೆತದ್ದು (ನಗಬೇಡಿ, ಇದು ಬಹಳ ಸಾಮಾನ್ಯ), 96 ಟಿಎಫ್‌ಎ ಅಂಟಿದ್ದು, 16 ಮಿಥಿಯೋನಿನ್ ಆಕ್ಸಿಡೀಕರಣ, ಟ್ರಿಪ್ಟೊಫಾನ್ ಇದ್ದರೆ 44. ಈ 44 ಬಾಕ್ ಅರ್ಧ ಕಳಚಿದ ಗುರುತು, ಆಮ್ಲ ಬೆರೆತ ನೀರಿನಲ್ಲಿ ಕರಗಿಸಿಟ್ಟು ಫ್ರೀಜ್ ಡ್ರೈ ಮಾಡಿದರೆ ತಾನಾಗಿ ಹೋಗುತ್ತದೆ. 57 ಕಡಿಮೆ ಗ್ಲೈಸಿನ್, 113 ಕಡಿಮೆ ಲ್ಯೂಸಿನ್ ತಪ್ಪಿದೆ ಎಂದು.

ಪ್ರಶ್ನೆ: ಒಂದೇ ಎಫ್‌ಮಾಕ್ ಪುಡಿ ಒಬ್ಬರಲ್ಲಿ ದುಪ್ಪಟ್ಟು ಬೆಲೆ. ಇಬ್ಬರ ಪತ್ರದಲ್ಲೂ "ಶುದ್ಧತೆ 99%". ಅಗ್ಗದ್ದು ತಂದರೆ ಏನು ನಷ್ಟ?
— ಉಪನ್ಯಾಸಕರು, ಜತ್ತ

99% ಎಂಬ ಸಾಲನ್ನು ಬಿಟ್ಟು ಅದರ ಕೆಳಗಿನ ಸಾಲುಗಳನ್ನು ಓದಿ. ಮೊದಲನೆಯದು ಡಿ ರೂಪದ ಪ್ರಮಾಣ. ಸಾಮಾನ್ಯ ಎಚ್‌ಪಿಎಲ್‌ಸಿಗೆ ಎಲ್ ಮತ್ತು ಡಿ ಒಂದೇ ಆಗಿ ಕಾಣುತ್ತವೆ, ಆದ್ದರಿಂದ ಅದು 99ರ ಲೆಕ್ಕದಲ್ಲಿ ಬರುವುದೇ ಇಲ್ಲ. 20 ಕೊಂಡಿಯ ಪೆಪ್ಟೈಡಿನಲ್ಲಿ ಪ್ರತಿಯೊಂದರಲ್ಲೂ 0.5% ಡಿ ಇದ್ದರೆ ನೂರರಲ್ಲಿ ಸುಮಾರು 9.5 ಸರಪಳಿಗಳಲ್ಲಿ ಒಂದಾದರೂ ತಪ್ಪು ಕೊಂಡಿ ಕೂತಿರುತ್ತದೆ. 0.1% ಇದ್ದರೆ ಅದು 2ಕ್ಕೆ ಇಳಿಯುತ್ತದೆ. ತೂಕದಲ್ಲಿ ವ್ಯತ್ಯಾಸವಿಲ್ಲದ ಈ ಕಲಬೆರಕೆಯನ್ನು ಆಮೇಲೆ ಹೊರತೆಗೆಯುವುದು ಬಹಳ ಕಷ್ಟ.

ಎರಡನೆಯದು ಅಸಿಟಿಕ್ ಆಮ್ಲ. ಪುಡಿಯನ್ನು ಈಥೈಲ್ ಅಸಿಟೇಟಿನಿಂದ ಹರಳುಗಟ್ಟಿಸುವಾಗ ಉಳಿಯುವಂಥದ್ದು. ಅಮೈನೋ ಆಮ್ಲದ ಜೊತೆ ಅದೂ ಕ್ರಿಯಾಶೀಲಗೊಂಡು ಸರಪಳಿಯ ಬಾಯಿ ಮುಚ್ಚುತ್ತದೆ. ಅರ್ಧಕ್ಕೆ ನಿಂತ ಸರಪಳಿಗಳ ತೂಕಕ್ಕೆ 42 ಸೇರಿ ಬಂದರೆ, ನೀವು ಅಸಿಟಿಕ್ ಅನ್‌ಹೈಡ್ರೈಡ್ ಹಾಕದಿದ್ದರೂ ಬಂದರೆ, ಇದೇ. 0.02%ಗಿಂತ ಕಡಿಮೆ ಎಂದು ಬರೆದಿರುವುದನ್ನು ಕೊಳ್ಳಿ. ಮೂರನೆಯದು ಬರಿಯ ಅಮೈನೋ ಆಮ್ಲ, ಅದರಿಂದ ಕೊಂಡಿ ಎರಡು ಸಲ ಕೂರುತ್ತದೆ. ನಾಲ್ಕನೆಯದು ಬೀಟಾ ಅಲನಿನ್. ಎಫ್‌ಮಾಕ್ ಸಕ್ಸಿನಿಮಿಡೈಲ್ ಕಾರ್ಬೊನೇಟ್ ಬಳಸಿ ಮುಚ್ಚಳ ಹಾಕುವಾಗ ಸಕ್ಸಿನಿಮೈಡ್ ಒಡೆದು ಹುಟ್ಟುವ ಕಸ ಅದು. ಈ ಸಾಲುಗಳೇ ಇಲ್ಲದ ಪತ್ರ ಕೊಡುವವರ ಹತ್ತಿರ ಬ್ಯಾಚ್ ಸಂಖ್ಯೆ ಹೇಳಿ ಕೇಳಿ. ಉತ್ತರ ಬರದಿದ್ದರೆ ಬೇರೆಯವರಲ್ಲಿ ತರಿಸಿ. ಐದಾರು ಕೊಂಡಿಯ ತರಗತಿ ಪ್ರಯೋಗಕ್ಕಾದರೆ ಅಗ್ಗದ್ದೇ ಸಾಕು, ಹಣ ಉಳಿಸಿ.

ಪುಡಿಯ ಗುಣಕ್ಕಿಂತಲೂ ಕೈಯ ಗುಣ ದೊಡ್ಡದು ಎಂಬುದನ್ನೂ ಲೆಕ್ಕ ಹಾಕಿ ನೋಡಿ. ಪ್ರತಿ ಕಪ್ಲಿಂಗ್ 99% ಮುಗಿದರೆ 20 ಸುತ್ತಿನ ನಂತರ ಸರಿಯಾದ ಸರಪಳಿ 82%. ಪ್ರತಿ ಸಲ 95% ಆದರೆ 36%.

ಪ್ರಶ್ನೆ: ಬ್ಯಾಕ್ಟೀರಿಯಾ ಪರೀಕ್ಷೆಗೆ ಪೆಪ್ಟೈಡ್ ತರಿಸಿದ್ದೇವೆ. ಶುದ್ಧತೆ 98% ಎಂದಿದೆ. 1 ಮಿಲಿಗ್ರಾಂ ತೂಗಿದರೆ 0.98 ಮಿಲಿಗ್ರಾಂ ಪೆಪ್ಟೈಡ್ ತಾನೇ?
— ಕುಂಬಳೆ

ಅಲ್ಲ. 98% ಎಂದರೆ ಇರುವ ಪೆಪ್ಟೈಡುಗಳ ಪೈಕಿ ಸರಿಯಾದದ್ದರ ಪಾಲು. ಪುಡಿಯಲ್ಲಿ ಟಿಎಫ್‌ಎ ಮತ್ತು ನೀರೂ ಇವೆ. ಲೈಸಿನ್, ಅರ್ಜಿನಿನ್, ಹಿಸ್ಟಿಡಿನ್, ಎಡತುದಿಯ ಅಮೈನ್, ಇವು ಒಂದೊಂದೂ 114 ತೂಕದ ಒಂದು ಟಿಎಫ್‌ಎಯನ್ನು ಹಿಡಿದಿರುತ್ತವೆ. 2000 ತೂಕದ ಪೆಪ್ಟೈಡಿನಲ್ಲಿ ಅಂಥ 8 ಜಾಗಗಳಿದ್ದರೆ 912 ಸೇರುತ್ತದೆ. 1 ಮಿಲಿಗ್ರಾಂ ಪುಡಿಯಲ್ಲಿ ಪೆಪ್ಟೈಡ್ 0.69 ಮಿಲಿಗ್ರಾಂ. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡುಗಳಲ್ಲಿ ಇಂಥ ಧನ ವಿದ್ಯುದಂಶದ ಜಾಗಗಳು ಜಾಸ್ತಿ, ಅಲ್ಲಿಯೇ ಈ ತಪ್ಪು ದೊಡ್ಡದು. ಟೈರೋಸಿನ್ ಅಥವಾ ಟ್ರಿಪ್ಟೊಫಾನ್ ಇದ್ದರೆ 280 ನ್ಯಾನೊಮೀಟರಿನಲ್ಲಿ ಅಳೆದು ಸಾಂದ್ರತೆ ಗೊತ್ತುಮಾಡಿ, ತೂಕವನ್ನು ನಂಬಬೇಡಿ.

ಪ್ರಶ್ನೆ: ಜಿಮ್ಮಿನಲ್ಲಿ "ಸಂಶೋಧನೆಗೆ ಮಾತ್ರ" ಎಂದು ಬರೆದ ಪೆಪ್ಟೈಡ್ ಸೀಸೆ ಮಾರುತ್ತಾರೆ. 99% ಶುದ್ಧವಂತೆ. ಚುಚ್ಚಿಸಿಕೊಳ್ಳಬಹುದೇ?
— ಸೊಲ್ಲಾಪುರ

ಬೇಡ. ಎಚ್‌ಪಿಎಲ್‌ಸಿಯ 99 ಎಂಬುದು ಕ್ರಿಮಿರಹಿತ ಎಂಬ ಮಾತಲ್ಲ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇಲ್ಲ ಎಂಬ ಮಾತೂ ಅಲ್ಲ. ಮೇಲಿನ ಪುಟಗಳಲ್ಲಿ ಹೇಳಿದ ಪಿಪೆರಿಡಿನ್, ಡಿಎಂಎಫ್, ಟಿಎಫ್‌ಎ, ಥಯೋಲ್ ಎಷ್ಟು ಉಳಿದಿವೆ ಎಂಬುದನ್ನೂ ಆ ಅಂಕಿ ಹೇಳುವುದಿಲ್ಲ. ಔಷಧಕ್ಕೆ ಈ ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ ಇರುತ್ತದೆ. ಆ ಸೀಸೆಯ ಮೇಲೆ ಬರೆದಿರುವ ಮಾತು ಮಾರುವವರು ತಪ್ಪಿಸಿಕೊಳ್ಳಲು ಬರೆದದ್ದಾದರೂ ನಿಜವೇ.

ಪ್ರಶ್ನೆ: ಕಪಾಟು ಗುಡಿಸುವಾಗ ಹಳೆಯ ಎಚ್‌ಒಬಿಟಿ ಬಾಟಲಿ ಸಿಕ್ಕಿತು. ಒಣಗಿ ಪುಡಿಯಾಗಿದೆ. ಬಳಸಬಹುದೇ?
— ತಾಳವಾಡಿ

ಮುಚ್ಚಳ ತಿರುಗಿಸಬೇಡಿ. ಎಚ್‌ಒಬಿಟಿ ಕಪ್ಲಿಂಗಿಗೆ ನೆರವಾಗುವ ಪುಡಿ, ಅದನ್ನು ನೀರು ಸೇರಿಸಿ ಮಾರುವುದೇ ಒಣಗಿದರೆ ಸಿಡಿಯುತ್ತದೆಂದು. ಬಾಯಿಯ ಎಳೆಯಲ್ಲಿ ಸಿಕ್ಕಿದ ಪುಡಿ ಉಜ್ಜಿದರೂ ಸಾಕು. ಇದ್ದಲ್ಲೇ ಬಿಟ್ಟು, ಆ ಕಪಾಟಿನ ಕೋಣೆಗೆ ಬೀಗ ಹಾಕಿ, ನಿಮ್ಮ ಸಂಸ್ಥೆಯ ಸುರಕ್ಷತಾ ಅಧಿಕಾರಿಗೆ ಬಾಟಲಿಯ ಮೇಲಿನ ಹೆಸರು ಮತ್ತು ವರ್ಷ ಓದಿ ಹೇಳಿ. ಹೊಸ ಕೆಲಸಕ್ಕೆ ಆಕ್ಸಿಮಾ ತರಿಸಿ.